ಬೀಗರ ಚೀಲದಲ್ಲಿ ಬಂದ ತೊಗರಿ

ಮದುವೆ ಹಂಗಾಮು ಬಂತೆಂದರೆ ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಬಟ್ಟೆ ಅಂಗಡಿಗಳ ಬಾಗಿಲಲ್ಲಿ ಈಗ ಹಳದಿ ತೂಗುತ್ತದೆ. ಹಳದಿ ಸೀರೆ, ಹಳದಿ ಕುರ್ತಾ, ಚಿಕ್ಕ ಹುಡುಗಿಯರಿಗೆ ಹಳದಿ ಲಂಗ. ಹಲ್ದಿ ಕಾರ್ಯಕ್ರಮಕ್ಕೆ ಮನೆಮಂದಿಯೆಲ್ಲ ಒಂದೇ ಬಣ್ಣ ಉಡಬೇಕು, ಹಿಂದೆ ಚೆಂಡುಹೂವಿನ ಪರದೆ ಇರಬೇಕು, ಡಿಜೆ ಇರಬೇಕು, ಮದುಮಗಳ ಮೇಲೆ ಹೂವಿನ ಪಕಳೆ ಸುರಿಯುವ ಹೊತ್ತಿಗೆ ಕ್ಯಾಮೆರಾದವನು ಎದುರಿಗೆ ಸಿದ್ಧನಾಗಿರಬೇಕು. ನನ್ನ ಮದುವೆಯಲ್ಲಿ ಅರಿಶಿನ ಹಚ್ಚಿದ್ದು ಅಂಗಳದಲ್ಲಿ, ಕಲೆಯಾದರೂ ಚಿಂತೆಯಿಲ್ಲದ ಹಳೆಯ ಸೀರೆ ಉಡಿಸಿ. ಸುರಗಿ ನೀರು ಹಾಕುವಾಗ ಮುದುಕಿಯರು ಹಾಡುತ್ತಿದ್ದರು, ಗಂಡಸರು ಆ ಕಡೆ ಸುಳಿಯುತ್ತಿರಲಿಲ್ಲ. ಹೊಸ ಪದ್ಧತಿಯನ್ನು ಕಲಿಸಲು ಯಾವ ಇಲಾಖೆಯೂ ನಮ್ಮೂರಿಗೆ ಜೀಪು ಕಳಿಸಲಿಲ್ಲ, ಯಾರೂ ಶಿಬಿರ ನಡೆಸಲಿಲ್ಲ, ಗೋಡೆ ಬರಹ ಬರೆಸಲಿಲ್ಲ. ಆದರೂ ಆಳಂದ ತಾಲ್ಲೂಕಿನ ಮೂಲೆಯಲ್ಲಿರುವ ನಮ್ಮ ಊರಿಗೆ ಅದು ಓಡೋಡಿ ಬಂತು. ಮೊದಲು ಪುಣೆಯಲ್ಲಿ ಕೆಲಸಕ್ಕಿರುವ ಹುಡುಗನ ಮದುವೆಯಲ್ಲಿ ಕಂಡೆವು. ಕೆಲವೇ ವರ್ಷಗಳಲ್ಲಿ, ಸಾಲ ಮಾಡಿ ಮದುವೆ ಮಾಡುವ ಮನೆಯವರೂ ಹಳದಿ ಪರದೆಗೆ ಬೇರೆಯೇ ಖರ್ಚು ತೆಗೆದಿಡತೊಡಗಿದ್ದರು.

ಅದೇ ಊರಿನಲ್ಲಿ, ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಪಾಲಿದೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಕರ್ನಾಟಕದಲ್ಲಿ 1994ರಲ್ಲೇ, ಅಷ್ಟರೊಳಗೆ ಮದುವೆಯಾಗಿ ಹೋದವರನ್ನು ಬಿಟ್ಟು ಉಳಿದ ಹೆಣ್ಣುಮಕ್ಕಳಿಗೆ, ಈ ಹಕ್ಕು ಬಂತು. 2005ರಲ್ಲಿ ಕೇಂದ್ರದ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿಕೊಂಡಿತು. 2020ರಲ್ಲಿ ಸುಪ್ರೀಂ ಕೋರ್ಟು ಉಳಿದಿದ್ದ ಗೊಂದಲವನ್ನೂ ನಿವಾರಿಸಿ, ತಿದ್ದುಪಡಿ ಬಂದ ದಿನ ತಂದೆ ಬದುಕಿದ್ದನೋ ಇಲ್ಲವೋ ಎಂಬುದು ಮುಖ್ಯವಲ್ಲ, ಮಗಳಿಗೆ ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದಿತು. ಇದನ್ನು ನಮ್ಮೂರಿನ ಹೆಂಗಸರು ಧಾರಾವಾಹಿಗಳಲ್ಲಿ ನೋಡಿದ್ದಾರೆ, ಸ್ವಸಹಾಯ ಸಂಘದ ಸಭೆಯಲ್ಲಿ ಕೇಳಿದ್ದಾರೆ, ಬೀದಿನಾಟಕದಲ್ಲಿ ನೋಡಿ ನಕ್ಕಿದ್ದಾರೆ. ಆದರೂ ಅಪ್ಪ ತೀರಿಕೊಂಡ ವರ್ಷದೊಳಗೆ ಉಪನೋಂದಣಿ ಕಚೇರಿಯ ಬೆಂಚಿನ ಮೇಲೆ ಸಾಲಾಗಿ ಕುಳಿತು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ, ಅಣ್ಣ ಕೊಡಿಸಿದ ಸೀರೆಯನ್ನು ಬಗಲಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಾರೆ.

ಒಂದು ಓಡಿ ಬಂತು, ಇನ್ನೊಂದು ಇನ್ನೂ ಊರ ಹೊರಗೆ ನಿಂತಿದೆ. ಯಾಕೆ ಎಂದು ಕಾಲೇಜಿನಲ್ಲಿ ಕೇಳಿದರೆ ವಿದ್ಯಾರ್ಥಿಗಳು ಒಂದೇ ಉಸಿರಿಗೆ ‘ಮೊಬೈಲ್ ಮೇಡಂ’ ಎನ್ನುತ್ತಾರೆ. ಆದರೆ ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಬಗ್ಗೆ ವಕೀಲರು ಮಾತನಾಡುವ ಕನ್ನಡ ವಿಡಿಯೊಗಳೂ ಅದೇ ಮೊಬೈಲಿನಲ್ಲಿ ಬೇಕಾದಷ್ಟಿವೆ, ಅವನ್ನು ನೋಡುವವರೂ ಇದ್ದಾರೆ. ಒಂದು ಖರ್ಚಿನದು, ಇನ್ನೊಂದು ಜಗಳದ್ದು ಎಂದರೆ ಅರ್ಧ ಉತ್ತರ ಸಿಕ್ಕಂತೆ. ಉಳಿದರ್ಧಕ್ಕೆ ನಾನು ತೊಗರಿ ಹೊಲಕ್ಕೆ ಹೋಗಬೇಕು.

ಚರಗದ ದಿನ

ಅವ್ವನ ತವರು ಅಕ್ಕಲಕೋಟೆಯ ಕಡೆ. ರಾಜ್ಯ ಮಹಾರಾಷ್ಟ್ರ, ಮನೆಮಾತು ಕನ್ನಡ, ಸಂತೆ ವ್ಯವಹಾರ ಎರಡರಲ್ಲೂ. ಎಳ್ಳ ಅಮಾವಾಸ್ಯೆಗೆ ಸೋದರಮಾವ ನಮ್ಮೂರಿಗೆ ಬರುವುದು ಪದ್ಧತಿ. ಆ ದಿನ ನಮ್ಮ ಕಡೆ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ ಎಂಬುದು ಓದುವವರಿಗೆ ಗೊತ್ತೇ ಇದೆ. ಸಜ್ಜೆಯ ಕಡುಬು, ಭಜ್ಜಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಎಲ್ಲವನ್ನೂ ಬುಟ್ಟಿಯಲ್ಲಿಟ್ಟುಕೊಂಡು ಬಂಡಿ ಹೂಡಿ ಹೊಲಕ್ಕೆ ಹೋಗಿ, ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜಿಸಿ, ಬೆಳೆಯ ಸುತ್ತ ಚರಗ, ಅಂದರೆ ಭೂತಾಯಿಯ ಎಡೆ, ಚೆಲ್ಲಿ, ಬೀಗರು ನಂಟರೆಲ್ಲ ಒಟ್ಟಿಗೆ ಕುಳಿತು ಉಣ್ಣುತ್ತೇವೆ. ಬಿಳಿಜೋಳ ತೆನೆಗೆ ಬರುವ ಹೊತ್ತು, ತೊಗರಿ ಕಾಯಿ ಹಿಡಿದು ನಿಂತಿರುವ ಹೊತ್ತು. ವರ್ಷದಲ್ಲಿ ಅದೊಂದು ದಿನ, ಬೇರೆ ಊರಿನ ಒಕ್ಕಲಿಗ ಇನ್ನೊಬ್ಬನ ಹೊಲದೊಳಗೆ ಸಾಲುಸಾಲಿಗೂ ಕಾಲಿಟ್ಟು ನೋಡಬಹುದು. ಯಾರೂ ‘ಏನು ನೋಡುತ್ತಿದ್ದೀರಿ’ ಎಂದು ಕೇಳುವುದಿಲ್ಲ. ಈಗ ಕೃಷಿ ಇಲಾಖೆಯವರು ಶಾಮಿಯಾನ ಹಾಕಿ ‘ಕ್ಷೇತ್ರೋತ್ಸವ’ ಎಂದು ಮಾಡುವುದನ್ನು ನಮ್ಮ ಹಿರಿಯರು ಹೋಳಿಗೆ ಸಮೇತ ಮಾಡಿಟ್ಟಿದ್ದರು.

ನಾನು ಚಿಕ್ಕವಳಿದ್ದಾಗ ಮಾವನ ಹೊಲದ ತೊಗರಿಗೆ ನೆಟೆ ರೋಗ ಗಂಟುಬಿದ್ದಿತ್ತು. ಗಿಡ ಎದೆಯೆತ್ತರ ಬೆಳೆದು, ಹೂವಾಗಿ, ಇನ್ನೇನು ಕಾಯಿ ಕಟ್ಟಬೇಕು ಎನ್ನುವಾಗ ನಿಂತಲ್ಲೇ ಒಣಗುತ್ತದೆ. ಮಣ್ಣಿನಲ್ಲಿರುವ ಶಿಲೀಂಧ್ರ ಬೇರಿನಿಂದ ಏರಿ ನೀರಿನ ದಾರಿಯನ್ನು ಮುಚ್ಚಿಬಿಡುತ್ತದೆ, ಔಷಧಿ ಹೊಡೆದು ಉಳಿಸುವ ರೋಗವಲ್ಲ. ಅಪ್ಪ ಅಷ್ಟರಲ್ಲಿ ಹೊಸ ತಳಿಯ ಬೀಜವನ್ನು ಸಣ್ಣ ಚೀಲದಲ್ಲಿ ತಂದು ಹೊಲದ ಒಂದು ಅಂಚಿಗೆ ಬಿತ್ತಿದ್ದ. ಅದರ ಹೆಸರು ‘ಮಾರುತಿ’. ಮಾವನಿಗೆ ಈ ಹೆಸರು ಹೊಸದಲ್ಲ. ಕಲಬುರಗಿ ಆಕಾಶವಾಣಿಯ ರೈತರ ಕಾರ್ಯಕ್ರಮದಲ್ಲಿ ಕೇಳಿದ್ದ, ಗಂಜ್ ಮಾರುಕಟ್ಟೆಯಲ್ಲಿ ಅಡತಿ ಅಂಗಡಿಯ ಕಟ್ಟೆಯ ಮೇಲೆ ಕೇಳಿದ್ದ. ಕೇಳಿಯೂ ಕೆಲವು ವರ್ಷ ಸುಮ್ಮನೆ ಕುಳಿತಿದ್ದ.

ಆ ಅಮಾವಾಸ್ಯೆಯ ದಿನ ಅವನು ಊಟಕ್ಕೆ ಕೂರುವ ಮೊದಲೇ ಆ ಅಂಚಿಗೆ ಹೋದ. ನಾನು ಹಿಂದೆಯೇ ಹೋದೆ, ಅವನ ಜೇಬಿನಲ್ಲಿ ನಿಂಬೆಹುಳಿ ಪೆಪ್ಪರಮೆಂಟು ಇರುತ್ತಿತ್ತು. ಹಳೆಯ ತಳಿಯ ಸಾಲಿನಿಂದ ಒಣಗಿದ ಒಂದು ಗಿಡವನ್ನು ಕಿತ್ತು, ಸೊಂಟದ ಚಾಕುವಿನಿಂದ ಕಾಂಡದ ತೊಗಟೆ ಸೀಳಿ, ಒಳಗಿನ ಕಪ್ಪು ಗೆರೆಯನ್ನು ಉಗುರಿನಿಂದ ಕೆರೆದು ನೋಡಿದ. ಮಗ್ಗುಲಲ್ಲೇ ಹೊಸ ತಳಿಯ ಸಾಲು ಹಸಿರಾಗಿತ್ತು. ಅದೇ ಮಣ್ಣು, ಅದೇ ರೋಗ, ಅದೇ ಮಳೆ. ನೋಡಿದ ಮೇಲೂ ಮಾವ ಇಳುವರಿಯ ಮಾತೆತ್ತಲಿಲ್ಲ. ಊಟಕ್ಕೆ ಕುಳಿತಾಗ ಅವ್ವನನ್ನು ಕೇಳಿದ: “ತಂಗಿ, ಇದರ ಬೇಳೆ ಬೇಯಲು ಎಷ್ಟು ಹೊತ್ತು ಬೇಕು?” ಅವ್ವ, ಈಗ ನೀನು ಉಣ್ಣುತ್ತಿರುವುದು ಅದೇ ಬೇಳೆಯಣ್ಣ ಎಂದಳು. ಆಮೇಲೆ ಕಟ್ಟಿಗೆಯ ಬಗ್ಗೆ ಕೇಳಿದ. ಒಲೆಗೆ ಹೇಗೆ ಉರಿಯುತ್ತದೆ, ತಟ್ಟಿ ಕಟ್ಟಲು ಬರುತ್ತದೆಯೇ, ಎತ್ತು ಹೊಟ್ಟು ತಿನ್ನುತ್ತವೆಯೇ. ಈ ಪ್ರಶ್ನೆಗಳಲ್ಲಿ ಒಂದಕ್ಕೂ ರೇಡಿಯೊದವರು ಉತ್ತರ ಕೊಟ್ಟಿರಲಿಲ್ಲ. ಕೊಟ್ಟಿದ್ದರೂ ಮಾವ ನಂಬುತ್ತಿರಲಿಲ್ಲ ಎಂದು ನನಗನ್ನಿಸುತ್ತದೆ. ಒಂದು ಹಂಗಾಮು ಕೈಕೊಟ್ಟರೆ ರೇಡಿಯೊದವರಿಗೆ ಹೋಗುವುದೇನೂ ಇಲ್ಲ. ತಂಗಿಯ ಗಂಡನಿಗೆ ಹಾಗಲ್ಲ, ತಪ್ಪು ಬೀಜ ಕೊಟ್ಟರೆ ಜೀವನವಿಡೀ ಮಾತು ಕೇಳಬೇಕಾಗುತ್ತದೆ.

ರಾಶಿಯಾದ ಮೇಲೆ ಬೇವಿನೆಲೆ ಬೆರೆಸಿದ ಒಂದು ಚೀಲ ಬೀಜ ಅಕ್ಕಲಕೋಟೆಯ ಬಸ್ಸಿನ ಮೇಲೇರಿತು. ಮಾವನ ಊರಿನಲ್ಲಿ ಅದಕ್ಕೆ ‘ಆಳಂದ ತೊಗರಿ’ ಎಂದೇ ಹೆಸರಾಯಿತು. ಅಲ್ಲಿಂದ ಅವನ ಬೀಗರ ಊರಿಗೆ, ಅವರ ಬೀಗರ ಊರಿಗೆ.

ಇದು ನಮ್ಮೊಂದು ಮನೆಯ ಕಥೆ ಎಂದುಕೊಂಡಿದ್ದೆ. ಆಮೇಲೆ ಓದಿದಾಗ ತಿಳಿದದ್ದು, ಈ ಮಾರುತಿ, ಅಂದರೆ ಐಸಿಪಿ 8863, ಹೈದರಾಬಾದಿನ ಪಟಾನ್‌ಚೆರುವಿನಲ್ಲಿ 1972ರಲ್ಲಿ ಆರಂಭವಾದ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಆರಿಸಿದ ತಳಿ. 1986ರಲ್ಲಿ ಕರ್ನಾಟಕಕ್ಕೆಂದು ಬಿಡುಗಡೆಯಾಯಿತು. ಆದರೆ ಅದು ಮಹಾರಾಷ್ಟ್ರದ, ಆಂಧ್ರದ ಹೊಲಗಳಿಗೂ ಹೋಗಿ ನೆಲೆಯೂರಿತ್ತು ಎಂದು ಅದೇ ಸಂಸ್ಥೆಯ ಅರ್ಥಶಾಸ್ತ್ರಜ್ಞರು 90ರ ದಶಕದಲ್ಲಿ ದಾಖಲಿಸಿದರು. ಬಿಡುಗಡೆಯ ಆದೇಶಕ್ಕೆ ರಾಜ್ಯದ ಗಡಿ ಇತ್ತು, ಹೆಣ್ಣು ಕೊಟ್ಟು ತರುವುದಕ್ಕೆ ಇರಲಿಲ್ಲ. ಬೀದರ್, ಕಲಬುರಗಿ, ಯಾದಗಿರಿಯ ಗಡಿ ಹಳ್ಳಿಗಳಲ್ಲಿ ಮೂರು ರಾಜ್ಯಗಳ ಬೀಗತನ ಇಲ್ಲದ ಮನೆ ಹುಡುಕಿದರೂ ಸಿಗಲಿಕ್ಕಿಲ್ಲ.

ಹೊಸದೊಂದು ಹೇಗೆ ಹರಡುತ್ತದೆ ಎಂಬ ಅಧ್ಯಯನಗಳಿಗೆ ತಾಯಿಬೇರು ಅಮೆರಿಕದ ಅಯೋವಾ ರಾಜ್ಯದ ಮೆಕ್ಕೆಜೋಳದ ಹೊಲ. 1943ರಲ್ಲಿ ರಯಾನ್ ಮತ್ತು ಗ್ರಾಸ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು ಅಲ್ಲಿನ ಎರಡು ಸಮುದಾಯಗಳ 259 ರೈತರನ್ನು ಮಾತನಾಡಿಸಿ, ಹೈಬ್ರಿಡ್ ಬೀಜದ ಕಥೆಯನ್ನು ಬರೆದರು. ಇಬ್ಬರನ್ನು ಬಿಟ್ಟು ಎಲ್ಲರೂ ಕೊನೆಗೆ ಅದನ್ನು ಬಿತ್ತಿದ್ದರು, ಆದರೆ ಮೊದಲು ಕೇಳಿದ್ದಕ್ಕೂ ಬಿತ್ತಿದ್ದಕ್ಕೂ ನಡುವೆ ಸರಾಸರಿ ಸುಮಾರು ಒಂಬತ್ತು ವರ್ಷ ಕಳೆದಿದ್ದವು. ಸುದ್ದಿ ತಂದವರು ಹೆಚ್ಚಾಗಿ ಬೀಜದ ಕಂಪನಿಯ ಮಾರಾಟಗಾರರು, ಧೈರ್ಯ ಕೊಟ್ಟವರು ನೆರೆಹೊರೆಯವರು. ಓದುವಾಗ ಅಕ್ಕಲಕೋಟೆಯ ಮಾವನೇ ಅಯೋವಾದಲ್ಲಿ ಕುಳಿತಂತೆ ಕಂಡಿತು. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಹೈಬ್ರಿಡ್ ಮೆಕ್ಕೆಜೋಳದ ಬೀಜವನ್ನು ಪ್ರತಿ ವರ್ಷ ಕೊಳ್ಳಬೇಕು, ಆದ್ದರಿಂದ ಮಾರಾಟಗಾರ ವರ್ಷವೂ ಬಾಗಿಲಿಗೆ ಬರುತ್ತಾನೆ. ಮಾರುತಿಯನ್ನು ಮನೆಯಲ್ಲೇ ಇಟ್ಟುಕೊಂಡು ಬಿತ್ತಬಹುದು. ಮಾರಿದವನಿಗೆ ಎರಡನೆಯ ವರ್ಷ ಏನೂ ಸಿಗದ ವಸ್ತುವನ್ನು ಹೊತ್ತು ತಿರುಗುವವರು ಬೀಗರಷ್ಟೇ.

ಹಾಗೆ ಹೊತ್ತು ತಿರುಗಿದ್ದು ಇದ್ದಂತೆ ಉಳಿಯುವುದೂ ಇಲ್ಲ. ತೊಗರಿ ಹೂವಿಗೆ ಜೇನುನೊಣ ಬಂದು ಪಕ್ಕದ ಹೊಲದ ಪರಾಗ ತಂದು ಹಚ್ಚುತ್ತದೆ. ಕೆಲವು ವರ್ಷ ಕಳೆದರೆ ಶುದ್ಧ ಮಾರುತಿ ಎನ್ನುವುದು ಯಾರ ಹೊಲದಲ್ಲೂ ಇರುವುದಿಲ್ಲ. “ನಿಮ್ಮ ತೊಗರಿ ನಮ್ಮೂರಿಗೆ ಬಂದು ನಮ್ಮ ಬುದ್ಧಿ ಕಲಿಯಿತು” ಎಂದು ಮಾವ ನಗುತ್ತಿದ್ದ.

ಬೀಗರು ಹೋಗದ ಕೇರಿ

ಇಷ್ಟು ಹೇಳಿ ಬೀಗತನವನ್ನು ಹೊಗಳಿ ಕುಳಿತರೆ ಸುಳ್ಳಾಗುತ್ತದೆ. ಆ ಬೀಜ ಅಕ್ಕಲಕೋಟೆಯವರೆಗೆ ಹೋಯಿತು, ನಮ್ಮೂರ ಕೆಳಗಿನ ಕೇರಿಗೆ ತಲುಪಲು ಅದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಆ ಕೇರಿಯಲ್ಲೂ ಎರಡು ಮೂರು ಎಕರೆ ಇದ್ದವರಿದ್ದರು. ಅವರ ಹೊಲ ನಮ್ಮ ಹೊಲಕ್ಕೆ ಬದುವಿನಷ್ಟು ಹತ್ತಿರ. ಆದರೆ ಚರಗದ ಊಟಕ್ಕೆ ಅವರನ್ನು ಯಾರೂ ಸಾಲಿನಲ್ಲಿ ಕೂರಿಸುತ್ತಿರಲಿಲ್ಲ, ಬೇಳೆ ಬೇಯಲು ಎಷ್ಟು ಹೊತ್ತು ಬೇಕು ಎಂದು ಅವ್ವನನ್ನು ಕೇಳುವ ಸಲುಗೆಯೂ ಅವರಿಗಿರಲಿಲ್ಲ. ನಾಲ್ವತ್ತು ಕಿಲೋಮೀಟರ್ ಆಚೆಗಿನ ಮಾವ ಒಳಗಿನವನು, ಬದುವಿನಾಚೆಗಿನವನು ಹೊರಗಿನವನು. ಹಳ್ಳಿಗಳಲ್ಲಿ ದೂರವನ್ನು ನಕ್ಷೆ ಹಿಡಿದು ಅಳೆಯುವವರಿಗೆ ಇದು ಕಾಣುವುದೇ ಇಲ್ಲ.

ಕೆಳಗಿನ ಕೇರಿಯಿಂದ ಮೇಲಕ್ಕೆ ಬಂದ ವಿದ್ಯೆಯೂ ಇದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಈಗ ತೊಗರಿಗೆ ಕುಡಿ ಚಿವುಟುವುದು ನಮ್ಮ ಕಡೆ ಸಾಮಾನ್ಯ. ಬಿತ್ತಿದ 45–50 ದಿನಕ್ಕೆ ತುದಿಯನ್ನು ಚಿವುಟಿದರೆ ಗಿಡ ಮೇಲಕ್ಕೆ ಓಡುವುದನ್ನು ಬಿಟ್ಟು ಪಕ್ಕಕ್ಕೆ ಕವಲೊಡೆಯುತ್ತದೆ, ಕವಲು ಹೆಚ್ಚಿದಷ್ಟು ಕಾಯಿ. ವಿಜ್ಞಾನಿಗಳು ಇದನ್ನು ಹೇಳುತ್ತಲೇ ಬಂದಿದ್ದರು. ಬೆಳೆಯುವ ಗಿಡದ ತಲೆಯನ್ನು ಕೈಯಾರೆ ಕಿತ್ತುಹಾಕುವುದಕ್ಕೆ ಒಕ್ಕಲಿಗನ ಮನಸ್ಸು ಒಪ್ಪುತ್ತಿರಲಿಲ್ಲ. ನಮ್ಮೂರಿಗೆ ಅದನ್ನು ತಂದವರು ಟಂಟಂ ಆಟೊ ಹತ್ತಿ ಪಕ್ಕದ ಊರುಗಳಿಗೆ ಕೂಲಿಗೆ ಹೋಗುತ್ತಿದ್ದ ಹೆಣ್ಣುಮಕ್ಕಳು. ಒಂದು ಊರಿನಲ್ಲಿ ಚಿವುಟಿ ಬಂದವರು ಅದೇ ಹೊಲಕ್ಕೆ ಕಾರ್ತೀಕದ ಹೊತ್ತಿಗೆ ಕಳೆ ತೆಗೆಯಲು ಮತ್ತೆ ಹೋಗಿ, ಗಿಡ ಪೊದೆಯಾಗಿ ನಿಂತದ್ದನ್ನು ಕಣ್ಣಾರೆ ಕಂಡವರು. ನಮ್ಮ ಹೊಲದಲ್ಲಿ ಅಪ್ಪ ಅನುಮಾನಿಸುತ್ತ ನಿಂತಾಗ, ಎಷ್ಟು ಎಲೆ ಬಿಟ್ಟು ಎಲ್ಲಿ ಚಿವುಟಬೇಕು ಎಂದು ಹೇಳಿಕೊಟ್ಟವಳು ಕೂಲಿಗೆ ಬಂದಿದ್ದ ಒಬ್ಬ ಹೆಂಗಸು. ಅಯೋವಾದಲ್ಲೂ ಪ್ರಶ್ನೆ ಕೇಳಿದ್ದು ಹೊಲದ ಯಜಮಾನರನ್ನು. ಇಲ್ಲೂ ಹಾಗೆಯೇ. ಸಮೀಕ್ಷೆಯವರು ಬಂದು ಕೇಳಿದರೆ ಅಪ್ಪ ಖಂಡಿತ ‘ಇಲಾಖೆಯವರು ಹೇಳಿದರು’ ಎನ್ನುತ್ತಿದ್ದ.

ಇನ್ನೊಂದನ್ನು ಇಲ್ಲೇ ಹೇಳಿಬಿಡುತ್ತೇನೆ. 1997–98ರ ಹಂಗಾಮಿನಲ್ಲಿ ಕಾಯಿಕೊರಕ ಹುಳು ತೊಗರಿಯನ್ನು ತಿಂದು ಹಾಕಿತು. ಹೊಡೆದ ಕೀಟನಾಶಕದ ಎಣ್ಣೆಗೆ ಹುಳು ಸಾಯಲಿಲ್ಲ, ಸಾಲ ಮಾಡಿ ಎಣ್ಣೆ ಹೊಡೆದ ರೈತರು ಸತ್ತರು. ಬೀದರ್, ಕಲಬುರಗಿಯ ಹಳ್ಳಿಗಳಲ್ಲಿ ಆ ವರ್ಷವನ್ನು ಮರೆತವರಿಲ್ಲ. ಆಮೇಲಿನ ವರ್ಷಗಳಲ್ಲಿ ಜನ ಸಾಲಿನ ನಡುವೆ ಸೀರೆ, ತಾಡಪತ್ರಿ ಹಾಸಿ, ಗಿಡವನ್ನು ಹಿಡಿದು ಅಲುಗಾಡಿಸಿ ಹುಳು ಉದುರಿಸತೊಡಗಿದರು. ಉದುರಿದ ಹುಳು ಕೋಳಿಗೆ. ಪಟಾನ್‌ಚೆರುವಿನ ವಿಜ್ಞಾನಿಗಳು ಅದನ್ನು ಪರೀಕ್ಷಿಸಿ, ಇದು ಕೆಲಸಕ್ಕೆ ಬರುವ ಉಪಾಯ ಎಂದೂ ಹೇಳಿದರು. ಊರಿಂದೂರಿಗೆ ಬೇಗ ಹಬ್ಬಿದ್ದು ನಿಜ, ಹತಾಶೆಗೆ ಪರಿಚಯದ ಅಗತ್ಯ ಕಡಿಮೆ. ಹೊಸ ಔಷಧಿಗಳು ಅಂಗಡಿಗೆ ಬಂದ ಮೇಲೆ ಅದು ಅಷ್ಟೇ ಬೇಗ ಮರೆಯಾಯಿತು. ಅಲುಗಾಡಿಸುವುದನ್ನು ಮಾರುವ ಅಂಗಡಿ ಇರಲಿಲ್ಲ, ಅದರ ಹೆಸರನ್ನು ಗೋಡೆಗೆ ಬರೆಸುವವರೂ ಇರಲಿಲ್ಲ.

ಕಲ್ಯಾಣದಿಂದ ಹೊರಟ ಎರಡು

ವಿದ್ಯಾರ್ಥಿಗಳನ್ನು ಬೀದರಿಗೆ ಕರೆದುಕೊಂಡು ಹೋದಾಗ ನೌಬಾದಿನ ಕರೇಜ್ ತೋರಿಸುತ್ತೇನೆ. ನೆಲದೊಳಗೆ ಸುರಂಗ ಕೊರೆದು, ಅಲ್ಲಲ್ಲಿ ಬಾವಿಯಂಥ ಕಿಂಡಿ ಬಿಟ್ಟು, ನೀರನ್ನು ಇಳಿಜಾರಿನಲ್ಲಿ ತಾನಾಗಿ ಹರಿಸುವ ಪರ್ಶಿಯಾದ ವಿದ್ಯೆ. ಬಹಮನಿಯರ ಕಾಲದಲ್ಲಿ ಇರಾನಿನ ಕಡೆಯಿಂದ ವ್ಯಾಪಾರಿಗಳು, ಪಂಡಿತರು, ಕುಶಲಕರ್ಮಿಗಳು ಬೀದರಿಗೆ ಬಂದರು. 1472ರ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಕೂಡ ಗೀಲಾನಿನವನೇ. ಅವರೊಂದಿಗೆ ಬಂದ ವಿದ್ಯೆ ಇಲ್ಲಿ ನೆಲೆ ನಿಂತದ್ದು ಬೀದರಿನ ಜಂಬಿಟ್ಟಿಗೆ ನೆಲದಿಂದ. ಮಳೆನೀರು ಆ ಕಲ್ಲಿನಲ್ಲಿ ಜಿನುಗಿ ಕೆಳಗಿನ ಕರಿಗಲ್ಲಿನ ಮೇಲೆ ತಂಗುತ್ತದೆ, ಸುರಂಗ ಅದನ್ನು ಹಿಡಿಯುತ್ತದೆ. ಸುತ್ತಲಿನ ಎರೆಭೂಮಿಯ ಹಳ್ಳಿಗಳಿಗೆ ಅದು ಹೋಗಲಿಲ್ಲ, ಹೋಗುವಂತೆಯೂ ಇರಲಿಲ್ಲ. ತೋಡಿಸಲು ಖಜಾನೆ ಬೇಕು, ಕೆಳಗೆ ಅಂಥ ಕಲ್ಲೂ ಬೇಕು.

ಕರೇಜ್ ನೋಡಿದ ಮೇಲೆ ಬಸ್ಸು ಬಸವಕಲ್ಯಾಣಕ್ಕೆ ಹೋಗುತ್ತದೆ, ನನ್ನ ತಲೆಯಲ್ಲಿ ಹಳದಿ ಸೀರೆ ಮತ್ತು ಬಿಡುಗಡೆ ಪತ್ರದ ಪ್ರಶ್ನೆ ಮತ್ತೆ ಏಳುವುದು ಅಲ್ಲಿಯೇ. ಈ ಒಂದು ಊರಿನಿಂದ, ಒಂದು ಶತಮಾನದೊಳಗೆ, ಮದುವೆ ಮತ್ತು ಮನೆತನದ ಬಗ್ಗೆ ಎರಡು ದೊಡ್ಡ ವಿಚಾರಗಳು ಹೊರಟವು. ಮೊದಲನೆಯದು ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ ಬರೆದ ‘ಮಿತಾಕ್ಷರ’. ಶಹಾಬಾದ್ ಬಳಿಯ ಮರ್ತೂರಿನವರು ಅವನು ತಮ್ಮೂರಿನವನೆಂದು ಹೆಮ್ಮೆ ಪಡುತ್ತಾರೆ. ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಈ ವ್ಯಾಖ್ಯಾನ, ಮಗ ಹುಟ್ಟುತ್ತಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕು ಪಡೆಯುತ್ತಾನೆ ಎಂದಿತು. ಪಂಡಿತರು ಪ್ರತಿ ಮಾಡಿಕೊಂಡು ಕಾಶಿಯವರೆಗೆ ಒಯ್ದರು. ಬಂಗಾಳ ಜೀಮೂತವಾಹನನ ‘ದಾಯಭಾಗ’ ಎಂಬ ಬೇರೆ ಗ್ರಂಥವನ್ನು ಹಿಡಿಯಿತು, ಉಳಿದ ದೇಶ ಹೆಚ್ಚುಕಡಿಮೆ ಕಲ್ಯಾಣದ ಮಾತನ್ನು ಒಪ್ಪಿತು. 1810ರಲ್ಲಿ ಕೋಲ್‌ಬ್ರೂಕ್ ಅದರ ದಾಯ ಪ್ರಕರಣವನ್ನು, ಅಂದರೆ ಆಸ್ತಿ ಹಂಚಿಕೆಯ ಭಾಗವನ್ನು, ಇಂಗ್ಲಿಷಿಗೆ ಅನುವಾದಿಸಿದ ಮೇಲೆ ಬ್ರಿಟಿಷ್ ನ್ಯಾಯಾಲಯಗಳು ಅದನ್ನೇ ಕಾನೂನೆಂದು ಹಿಡಿದವು. 1956ರ ಉತ್ತರಾಧಿಕಾರ ಕಾಯ್ದೆಯಲ್ಲಿ ‘ಮಿತಾಕ್ಷರ’ ಎಂಬ ಹೆಸರು ಹಾಗೆಯೇ ಇದೆ. ಇವತ್ತು ಜಾರ್ಖಂಡಿನದೋ ರಾಜಸ್ಥಾನದ್ದೋ ಹಳ್ಳಿಯೊಂದರಲ್ಲಿ ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುವಾಗ ಬೀದರ್ ಜಿಲ್ಲೆಯ ಊರೊಂದರಲ್ಲಿ ಬರೆದ ಮಾತು ಕೆಲಸ ಮಾಡುತ್ತಿರುತ್ತದೆ, ಅವರಿಗೆ ಆ ಊರಿನ ಹೆಸರೂ ಗೊತ್ತಿರುವುದಿಲ್ಲ.

ಎರಡನೆಯದು ಶರಣರದು. ಅನುಭವದ ಮಾತನ್ನು ಕೇಳಲು ಕಾಶ್ಮೀರದಿಂದ ಮೋಳಿಗೆ ಮಾರಯ್ಯ ಬಂದ, ಸೌರಾಷ್ಟ್ರದಿಂದ ಆದಯ್ಯ ಬಂದ ಎಂದು ಪರಂಪರೆ ಹೇಳುತ್ತದೆ. ಬಂದು ಕೇಳುವವರೆಗೆ, ಕೂಡಿ ಉಣ್ಣುವವರೆಗೆ, ಕಾಯಕದಲ್ಲಿ ಮೇಲುಕೀಳಿಲ್ಲ ಎನ್ನುವವರೆಗೆ ಕಲ್ಯಾಣ ಸಹಿಸಿತು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದಾಗ ಸಹಿಸಲಿಲ್ಲ. ಅಪ್ಪಂದಿರಿಬ್ಬರಿಗೂ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆಯ ಶಿಕ್ಷೆಯಾಯಿತು, ಶರಣರು ದಿಕ್ಕಾಪಾಲಾದರು, ವಚನದ ಕಟ್ಟುಗಳನ್ನು ಉಳವಿಯ ಕಾಡಿನವರೆಗೆ ಹೊತ್ತೊಯ್ದರು. ಆ ಮಾತುಗಳು ಮನೆಮನೆಯ ತಾಳೆಗರಿಯಲ್ಲಿ, ಮಠಗಳ ಜಗಲಿಯಲ್ಲಿ ಉಳಿದು, ವಿಜಯಪುರದ ವಕೀಲ ಫ. ಗು. ಹಳಕಟ್ಟಿಯವರು 1923ರಲ್ಲಿ ಅಚ್ಚು ಹಾಕಿಸಿದ ಮೇಲೆ ಎಲ್ಲರ ಬಾಯಿಗೆ ಬಂದವು. ಕಲಬುರಗಿಯಲ್ಲಿ ಮದುವೆಯ ಕರೆಯೋಲೆಯ ನೆತ್ತಿಯ ಮೇಲೆ ಈಗ ವಚನ ಇದ್ದೇ ಇರುತ್ತದೆ. ಅದೇ ಕರೆಯೋಲೆಯಲ್ಲಿ ವಧು ವರರ ಮನೆತನಗಳನ್ನು ಓದಿದರೆ, ಒಳಪಂಗಡ ಕೂಡ ತಪ್ಪದೆ ಹೊಂದಿರುತ್ತದೆ.

ನನಗೆ ಕಾಣುವುದು ಇಷ್ಟು. ಮಿತಾಕ್ಷರ ಬೀಗತನದ ದಾರಿಯಲ್ಲಿ ಸಾಗಿತು. ಅಪ್ಪ, ಮಗ, ಹೊಲ ಎಂದು ಆಗಲೇ ಇದ್ದ ಸರಪಳಿಗೆ ಅದು ಮತ್ತೊಂದು ಬೆಸುಗೆ ಹಾಕಿತು, ಆದ್ದರಿಂದ ಯಾವ ಊರಿನಲ್ಲೂ ಅದಕ್ಕೆ ಬಾಗಿಲು ಮುಚ್ಚಿರಲಿಲ್ಲ. ಹರಳಯ್ಯ, ಮಧುವರಸರು ಕೈ ಹಾಕಿದ್ದು ಆ ದಾರಿಗೇ. ಯಾರು ಯಾರ ಹೊಲಕ್ಕೆ ಚರಗಕ್ಕೆ ಹೋಗಬಹುದು, ಯಾರು ಯಾರ ಮನೆಯ ಬೇಳೆಯ ರುಚಿ ನೋಡಬಹುದು ಎಂಬುದನ್ನೇ ಬದಲಿಸಲು ಹೊರಟ ವಿಚಾರವನ್ನು ಯಾವ ಬೀಗರು ಚೀಲದಲ್ಲಿಟ್ಟುಕೊಂಡು ಒಯ್ಯುತ್ತಾರೆ? ಹೆಣ್ಣುಮಕ್ಕಳ ಪಾಲಿನದೂ ಇದೇ ಕಷ್ಟ. ಸುದ್ದಿ ತರಬೇಕಾದದ್ದು ತವರು, ಧೈರ್ಯ ಕೊಡಬೇಕಾದದ್ದು ತವರು, ಪಾಲು ಕೇಳಬೇಕಾದದ್ದೂ ತವರಿನಲ್ಲೇ.

ಅಣ್ಣ ಪಂಚಮಿಗೆ ಬಂದನೇ

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರ್ಯಾನೊವೆಟರ್ 1973ರಲ್ಲಿ ಒಂದು ಪ್ರಸಿದ್ಧ ಲೇಖನ ಬರೆದ. ನೌಕರಿಯ ಸುದ್ದಿ ಆಪ್ತರಿಗಿಂತ ಹೆಚ್ಚಾಗಿ ಅಪರೂಪಕ್ಕೆ ಸಿಗುವ ಪರಿಚಯದವರಿಂದ ಬರುತ್ತದೆ, ಯಾಕೆಂದರೆ ಆಪ್ತರಿಗೆ ಗೊತ್ತಿರುವುದೆಲ್ಲ ನಮಗೂ ಗೊತ್ತಿರುತ್ತದೆ ಎಂಬುದು ಅವನ ವಾದ. ಯಾದಗಿರಿಯ ಕಡೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವವರನ್ನು ಕೇಳಿದರೆ ಈ ಮಾತಿಗೆ ತಲೆಯಾಡಿಸುತ್ತಾರೆ. 2010ರಲ್ಲಿ ಡೇಮನ್ ಸೆಂಟೋಲಾ ಎಂಬ ಸಮಾಜಶಾಸ್ತ್ರಜ್ಞ ಒಂದು ಪ್ರಯೋಗದಿಂದ ಇದಕ್ಕೆ ತಿದ್ದುಪಡಿ ತಂದ. ಜನರ ನಡವಳಿಕೆಯನ್ನು ಬದಲಿಸಬೇಕಾದ ವಿಷಯ ಚದುರಿದ ಪರಿಚಯಗಳಲ್ಲಿ ಶೇ 38ರಷ್ಟು ಮಂದಿಯನ್ನು ಮುಟ್ಟಿದರೆ, ಒಬ್ಬರಿಗೊಬ್ಬರು ಹೆಣೆದುಕೊಂಡ ಗುಂಪುಗಳಲ್ಲಿ ಶೇ 54ರಷ್ಟು ಮಂದಿಯನ್ನು ಮುಟ್ಟಿತು. ಒಬ್ಬರು ಹೇಳಿದರೆ ಸಾಲದ ವಿಷಯಗಳಿಗೆ, ನಮ್ಮಂಥವರೇ ಇಬ್ಬರು ಮೂವರು ಮಾಡಿದ್ದು ಕಾಣಬೇಕು. ಹಲ್ದಿಗೆ ಒಂದು ವಿಡಿಯೊ ಸಾಕಾಗಿತ್ತು, ನಾಳೆ ಬೇಡವೆನಿಸಿದರೆ ಹಳದಿ ಸೀರೆಯನ್ನು ಮಡಚಿಟ್ಟರಾಯಿತು. ಪಾಲು ಕೇಳಿದವಳಿಗೆ ಮಡಚಿಡುವ ಅವಕಾಶವಿಲ್ಲ.

ನನ್ನ ಕಾಕಾನ ಮಗಳೊಬ್ಬಳು ಸೇಡಂ ಕಡೆ ಸೊಸೆಯಾಗಿ ಹೋದವಳು. ಕಾಕಾ ತೀರಿಕೊಂಡ ಮರುವರ್ಷ ಅಣ್ಣಂದಿರು ಪತ್ರ ಬರೆಸಿ ಕರೆಸಿದಾಗ, ಬೆಂಚಿನ ಮೇಲೆ ಕುಳಿತು ಚಹಾ ಕುಡಿದು, ಪತ್ರವನ್ನು ಪೂರ್ತಿ ಓದಿಸಿ ಕೇಳಿ, “ನಾನು ಸಹಿ ಮಾಡುವುದಿಲ್ಲ ಅಣ್ಣ” ಎಂದಳು. ಕೂಗಾಡಲಿಲ್ಲ. ಗಂಡ ಹೇಳಿಕೊಟ್ಟಿದ್ದಾನೆ ಎಂದು ಎಲ್ಲರೂ ತೀರ್ಮಾನಿಸಿದರು, ಅವಳ ಗಂಡನಿಗೆ ಈ ವಿಷಯ ಗೊತ್ತಾದದ್ದು ಅವಳು ಮನೆಗೆ ಮರಳಿದ ಮೇಲೆ. ಕೋರ್ಟಿಗೆ ಹೋಗಲಿಲ್ಲ. ಸಹಿ ಇಲ್ಲದೆ ಖಾತೆ ಬದಲಾಗಲಿಲ್ಲ, ಅಷ್ಟೇ. ಆ ವರ್ಷ ನಾಗರ ಪಂಚಮಿಗೆ ಅವಳನ್ನು ಕರೆಯಲು ಯಾರೂ ಬರಲಿಲ್ಲ. ಶ್ರಾವಣದಲ್ಲಿ ತವರಿನ ಕರೆ ಬಾರದ ಹೆಣ್ಣುಮಗಳನ್ನು ಅತ್ತೆ ಮನೆಯ ಓಣಿ ಹೇಗೆ ನೋಡುತ್ತದೆ ಎಂದು ವಿವರಿಸಬೇಕಿಲ್ಲ. ಮರುವರ್ಷವೂ ಬರಲಿಲ್ಲ. ನಮ್ಮ ಬಳಗದ ಹೆಂಗಸರೆಲ್ಲ ನೋಡುತ್ತಿದ್ದರು, ಯಾರೂ ಒಂದು ಮಾತೂ ಆಡುತ್ತಿರಲಿಲ್ಲ. ಅಕ್ಕಲಕೋಟೆಯ ಮಾವ ಅಪ್ಪನ ಹೊಲದ ಅಂಚಿನ ಸಾಲನ್ನು ನೋಡಿದ ಹಾಗೆಯೇ.

ಮುಂದೆ ಒಂದು ಪಂಚಮಿಗೆ ಕಿರಿಯ ಅಣ್ಣ ಬಂದ. ಅವನ ಮನಸ್ಸು ಯಾಕೆ ಬದಲಾಯಿತೋ ಅವನೂ ಹೇಳಿಲ್ಲ, ಅವಳೂ ಕೇಳಿಲ್ಲ. ಅವನದೇ ಮಗಳು ಮದುವೆಗೆ ಬಂದಿದ್ದಳು, ಅದೂ ಒಂದು ಕಾರಣವಿರಬಹುದು. ಊರ ಹಿರಿಯರು ಕುಳಿತು ಮಾತಾಡಿ ಅವಳಿಗೆ ಒಂದು ತುಂಡು ಹೊಲ ಬಂತು. ಕಾನೂನಿನ ಪ್ರಕಾರ ಬರಬೇಕಾದ್ದಕ್ಕಿಂತ ಕಡಿಮೆ. ಅವಳ ಹೆಸರಿನಲ್ಲಿ ಪಹಣಿ ಬಂದ ಸುದ್ದಿಯನ್ನು ನನಗೆ ಹೇಳಿದವಳು ಅವಳಲ್ಲ, ಬೀದರಿನಲ್ಲಿರುವ ನನ್ನ ನಾದಿನಿ. ಅವಳಿಗೆ ಹೇಳಿದವರು ಹುಮನಾಬಾದಿನ ಯಾರೋ ಬೀಗರು. ಹೊಲ ಸಿಕ್ಕ ಸುದ್ದಿಗಿಂತ ಪಂಚಮಿಯ ಸುದ್ದಿ ಮುಂದೆ ಓಡುತ್ತಿತ್ತು.

ಈಗ ಅವಳಿಗೆ ಫೋನು ಬರುತ್ತವೆ. ಹತ್ತಿರದವರು, ದೂರದವರು, ಕೆಲವೊಮ್ಮೆ ಗುರುತೇ ಇಲ್ಲದ ಹೆಂಗಸರು, ಮಧ್ಯಾಹ್ನ ಗಂಡಸರು ಮನೆಯಲ್ಲಿಲ್ಲದ ಹೊತ್ತು ನೋಡಿ. ಯಾವ ಸೆಕ್ಷನ್ನು, ಯಾವ ವಕೀಲರು ಎಂದು ಯಾರೂ ಮೊದಲು ಕೇಳುವುದಿಲ್ಲ. ಅಣ್ಣ ಪಂಚಮಿಗೆ ಬಂದದ್ದು ನಿಜವೇ, ಬಂದಾಗ ಮುಖ ಹೇಗಿತ್ತು, ಅತ್ತಿಗೆ ಬಡಿಸಿದಳೇ, ಮಕ್ಕಳು ಮಾತಾಡಿಸಿದರೇ ಎಂದು ಕೇಳುತ್ತಾರೆ. ಅವಳು ಫೋನಿನಲ್ಲಿ ಹೆಚ್ಚು ಹೇಳುವುದಿಲ್ಲ, ಮನೆಗೆ ಬಾ ಎನ್ನುತ್ತಾಳೆ. ಬಂದವರಿಗೆ ಊಟಕ್ಕಿಟ್ಟು, ಎರಡು ವರ್ಷ ಕರೆ ಬಾರದಿದ್ದಾಗ ಹೇಗಿತ್ತು ಎಂಬುದನ್ನು ಮುಚ್ಚಿಡದೆ ಹೇಳಿ, ಆಮೇಲೆ ಅಡುಗೆಮನೆಯ ಡಬ್ಬಿಯಿಂದ ಪಹಣಿಯ ಪ್ರತಿ ತೆಗೆದು ತೋರಿಸುತ್ತಾಳೆ. ಅವರಲ್ಲಿ ಹೆಚ್ಚಿನವರು ಸಹಿ ಹಾಕಿಯೇ ಬಂದಿದ್ದಾರೆ. ಚಿತ್ತಾಪುರ ತಾಲ್ಲೂಕಿನ ಇಬ್ಬರು ಅಕ್ಕತಂಗಿಯರು ಮಾತ್ರ ಹಾಕಿಲ್ಲ. ಅವರ ತಮ್ಮ ಈ ಶ್ರಾವಣದಲ್ಲಿ ಏನು ಮಾಡುತ್ತಾನೆ ಎಂದು ಮೂರು ಜಿಲ್ಲೆಯ ಹೆಂಗಸರು ಕಾಯುತ್ತಿದ್ದಾರೆ.